ಚಾನಲಮ್ಮನ ಹುಗ್ಗಿ

ಬೆಲ್ಲದ ನೀರು ಸೋಸುತ್ತಿದ್ದೆ. ಧನುರ್ಮಾಸದ ಶುಕ್ರವಾರ, ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ದೇವರ ಹುಗ್ಗಿಗೆ ಎಲ್ಲವೂ ಸಾಲಾಗಿ ಕೂತಿತ್ತು. ಈಗಿನ ಬೆಲ್ಲ ನೋಡಲು ಎಷ್ಟೇ ಚೆಂದವಿದ್ದರೂ ಕರಗಿಸಿದರೆ ತಳದಲ್ಲಿ ಮರಳು ಇದ್ದೇ ಇರುತ್ತದೆ. ಹಳೆಯ ಪಂಚೆಯ ತುಂಡನ್ನು ಪಾತ್ರೆಯ ಬಾಯಿಗೆ ಹಿಡಿದು ಬಗ್ಗಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಭದ್ರಾವತಿಯಿಂದ ತಮ್ಮ ನಾಗು. ನೈವೇದ್ಯದ ಪಾತ್ರೆಯ ಮುಂದೆ ನಾನು ಮಾತಾಡುವುದಿಲ್ಲ. ಮಾತಾಡಿದರೆ ಎಂಜಲು ಹಾರುತ್ತದೆ ಎಂದು ಚಿಕ್ಕಂದಿನಿಂದ ಕಲಿತದ್ದು. ಆದರೆ ರುಕ್ಕತ್ತೆ ಆಸ್ಪತ್ರೆಯಲ್ಲಿದ್ದಳು. ನಮ್ಮಪ್ಪನ ಅಕ್ಕ, ನಮ್ಮನ್ನು ಎತ್ತಿ ಆಡಿಸಿದವಳು. ಬೆಳಗಾಗೆದ್ದು ಬರುವ ಫೋನು ಒಳ್ಳೆಯದಕ್ಕಲ್ಲ ಎಂದುಕೊಂಡು, ಬಟ್ಟೆಯನ್ನು ಬಚ್ಚಲ ಕಟ್ಟೆಯ ಮೇಲೆ ಎಸೆದು, ಹೊಸಿಲಿನಾಚೆ ಹೋಗಿ ಫೋನು ಎತ್ತಿದೆ.

"ಗಾಬರಿ ಬೀಳ್ಬೇಡ, ಅತ್ತೇನ ಮನೆಗೆ ಕರ್ಕೊಂಡು ಬಂದ್ವಿ. ಒಂದು ವಿಷಯ ಕೇಳು. ಅತ್ತೆಗೆ ಶುಗರ್ ಇಲ್ವಂತೆ ಕಣೆ. ಈಗ ಇಲ್ಲ ಅಂತಲ್ಲ. ಯಾವತ್ತೂ ಇರ್ಲಿಲ್ವಂತೆ."

ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ, ಯಾವ ಮಾತ್ರೆ ಎಂದು ಡಾಕ್ಟರು ಕೇಳಿದರಂತೆ. ಮಾತ್ರೆ ಇಲ್ಲ, ಬರೀ ಪಥ್ಯ, ನಲವತ್ತು ವರ್ಷದ ಮೇಲಾಯಿತು ಎಂದು ನಾಗು ಹೆಮ್ಮೆಯಿಂದಲೇ ಹೇಳಿದನಂತೆ. ನಮ್ಮ ಮನೆಯಲ್ಲಿ ಅದೊಂದು ಹೆಮ್ಮೆಯೇ ಆಗಿತ್ತು. ರಕ್ತಪರೀಕ್ಷೆಯ ಮಾತು ಎತ್ತಿದಾಗಲೆಲ್ಲ ಅತ್ತೆ ಹಾಗಲಕಾಯಿ ರಸ ಕುಡಿದು ತೋರಿಸಿ ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಡಾಕ್ಟರು ರಕ್ತ ತೆಗೆಸಿ ನೋಡಿ, ಇವರಿಗೆ ಈ ಕಾಯಿಲೆ ಬಂದೇ ಇಲ್ಲ, ಸರಿಯಾಗಿ ಉಣ್ಣದೆ ಮೈಯಲ್ಲಿ ಏನೂ ಉಳಿದಿಲ್ಲ, ಅನ್ನ, ಹಣ್ಣು, ಸಿಹಿ ಯಾವುದು ಒಳಗೆ ಹೋಗುತ್ತದೋ ಅದನ್ನು ಕೊಡಿ, ಇಲ್ಲದಿದ್ದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದರಂತೆ. ಆದರೆ ಅತ್ತೆ ಬಾಯಿ ತೆರೆಯುತ್ತಿಲ್ಲ. ಇಲ್ಲದ ಕಾಯಿಲೆಗೆ ಇಷ್ಟು ವರ್ಷ ಪಥ್ಯ ಮಾಡಿಸಿದೆವಲ್ಲ ಎಂದು ನಾಗು ನಕ್ಕ. ನೀನು ಹೇಳಿದರೆ ಕೇಳುತ್ತಾಳೆ, ಬಾ ಎಂದ. ನನಗೆ ನಗು ಬರಲಿಲ್ಲ. ಅತ್ತೆಗೆ ಶುಗರ್ ಇದೆ ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ನರ್ಸಲ್ಲ. ನಾನು.

ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವು ಬೆಳೆದದ್ದು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಪುಟ್ಟಬಾಳೆಯ ಗುಂಪು. ಸೈರನ್ನು ಕೂಗಿದರೆ ಅಮ್ಮ ಅಪ್ಪನ ಡಬ್ಬಿ ತುಂಬಬೇಕು, ಮತ್ತೆ ಕೂಗಿದರೆ ಅಪ್ಪ ಬರುತ್ತಾರೆಂದು ನೀರು ಕಾಯಿಸಬೇಕು. ಅಷ್ಟು ಚಿಕ್ಕ ಮನೆಯಲ್ಲಿ ರುಕ್ಕತ್ತೆಗೆ ಅಂತ ಇದ್ದದ್ದು ಅಡುಗೆಮನೆಯ ಗೋಡೆಯ ಪಕ್ಕದ ಚಾಪೆಯಗಲದ ಜಾಗ. ಮದುವೆಯಾಗಿ ಹೋದ ಮನೆಯಲ್ಲಿ ಬಾಳ್ವೆ ಆಗದೆ, ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು ಅಲ್ಲೇ ನಿಂತಳು. ಅಮ್ಮನಿಗೂ ಅವಳಿಗೂ ಜಗಳವಿಲ್ಲದ ದಿನವಿರಲಿಲ್ಲ. ಒಗ್ಗರಣೆಗೆ ಇಂಗು ಹೆಚ್ಚಾಯಿತು, ಮಸಿಬಟ್ಟೆ ಎಲ್ಲಿಟ್ಟೆ, ಹಾಲಿಗೆ ಹೆಪ್ಪು ಯಾರು ಹಾಕಬೇಕಿತ್ತು. ಮಧ್ಯಾಹ್ನ ಇಬ್ಬರೂ ಒಂದೇ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಶುಕ್ರವಾರ ಮಾತ್ರ ಅಡುಗೆಮನೆ ಪೂರ್ತಿ ಅತ್ತೆಯದು. ಅವತ್ತು ಅಮ್ಮ ಒಳಗೆ ಕಾಲಿಡುತ್ತಿರಲಿಲ್ಲ.

ಕ್ವಾರ್ಟರ್ಸಿನ ಹಿಂದೆ ಕಾಲುವೆ, ನಮ್ಮ ಬಾಯಲ್ಲಿ ಚಾನಲು, ಹರಿಯುತ್ತಿತ್ತು. ಅದರ ಏರಿಯ ಮೇಲೆ ಒಂದಾಳೆತ್ತರದ ಗುಡಿ. ಒಳಗಿದ್ದ ದೇವಿಗೆ ಬೇರೆ ಹೆಸರಿತ್ತೇನೋ, ನಾವೆಲ್ಲ ಚಾನಲಮ್ಮ ಎನ್ನುತ್ತಿದ್ದೆವು. ಪ್ರತಿ ಶುಕ್ರವಾರ ಅವಳಿಗೆ ನಮ್ಮ ಮನೆಯಿಂದ ಹುಗ್ಗಿ ಹೋಗಬೇಕು. ಅತ್ತೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಹಾಕಿ, ಹೆಸರುಬೇಳೆಯನ್ನು ಹುರಿಯಲು ಕೂರುತ್ತಿದ್ದಳು. ಕೆಂಪಾಗಬಾರದು, ಬಿಸಿಯಾಗಿ ಬಣ್ಣ ತಿರುಗುವಷ್ಟರಲ್ಲಿ ಇಳಿಸಬೇಕು. ಅಕ್ಕಿ, ಬೇಳೆ ಬೆರಳಲ್ಲಿ ಹಿಚುಕಿದರೆ ಬೆಣ್ಣೆಯಾಗುವವರೆಗೂ ಬೆಲ್ಲ ಹಾಕುವಂತಿಲ್ಲ. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದಿಲ್ಲ. ಬೆಲ್ಲದ ನೀರು ಸೋಸಿ ಹೊಯ್ದ ಮೇಲೆ ಹುಗ್ಗಿಯ ಸದ್ದು ಬದಲಾಗುತ್ತದೆ, ಗುಳುಗುಳು ಎನ್ನುತ್ತಿದ್ದದ್ದು ದಪ್ಪಗೆ ಒಂದೊಂದೇ ಗುಳ್ಳೆ ಒಡೆಯುತ್ತದೆ. ಆಗ ತುಪ್ಪ, ಕೊಬ್ಬರಿ ಚೂರು, ಏಲಕ್ಕಿ. ದೇವರಿಗೆ ತೋರಿಸುವ ಮೊದಲು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಘಮ ತಾನಾಗಿ ಮೂಗಿಗೆ ಬಂದರೆ ಏನು ಮಾಡುವುದು ಎಂದು ನಾಗು ಕೇಳಿದ್ದಕ್ಕೆ, ಬಾಯಲ್ಲಿ ಉಸಿರಾಡೋ ಎಂದಿದ್ದಳು. ನಾವಿಬ್ಬರೂ ಮೀನಿನ ಹಾಗೆ ಬಾಯಿ ತೆರೆದುಕೊಂಡು ಹೊಸಿಲ ಮೇಲೆ ಕೂತಿರುತ್ತಿದ್ದೆವು.

ಹಿತ್ತಾಳೆ ಪಾತ್ರೆಗೆ ಬಾಳೆಲೆ ಮುಚ್ಚಿ ಅತ್ತೆ ಹೊರಟರೆ ಗುಡಿ ಮುಟ್ಟುವವರೆಗೂ ಒಂದು ಮಾತಿಲ್ಲ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಹುಬ್ಬು ಹಾರಿಸಿ ಮುಂದೆ ಹೋಗುವುದು. ಜೊತೆಗೆ ಯಾವಾಗಲೂ ನಾನು. ಅಮ್ಮ ಹೇಳುತ್ತಿದ್ದಂತೆ, ನೈವೇದ್ಯ ಹೊರುವವರಿಗೆ ನನ್ನಂಥ ಜೊತೆ ಸಿಗುವುದಿಲ್ಲ, ಏಕೆಂದರೆ ನನಗೆ ಮಾತೇ ಬಂದಿರಲಿಲ್ಲ. ನನ್ನ ಓರಗೆಯ ಮಕ್ಕಳು ಕೇರಿಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದಾಗ ನಾನು ಅಮ್ಮಾ ಎಂದೂ ಅನ್ನುತ್ತಿರಲಿಲ್ಲವಂತೆ. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ಮಾತು ಇಲ್ಲ. ಡಾಕ್ಟರಿಗೆ ತೋರಿಸಿದರು, ಬಜೆ ತೇದು ನೆಕ್ಕಿಸಿದರು. ಇವಳನ್ನು ಮುಂದೆ ಯಾರ ಮನೆಗೆ ಕೊಡುವುದು ಎಂದು ಅಮ್ಮ ಆಗಲೇ ಅಳಲು ಶುರು ಮಾಡಿದ್ದಳು. ಹೀಗಿರುವಾಗ ಒಂದು ಶುಕ್ರವಾರ ಚಾನಲ್ ಏರಿಯ ಮೇಲೆ ನಾನು ಎಡವಿ, ಬೀಳದಿರಲು ಅತ್ತೆಯ ಕೈಯಲ್ಲಿದ್ದ ಪಾತ್ರೆಯನ್ನು ಹಿಡಿದೆ. ಹಿಡಿದವಳೇ "ಬಿಸಿ" ಎಂದೆನಂತೆ, ಸ್ಪಷ್ಟವಾಗಿ, ದೊಡ್ಡವರು ಹೇಳಿದ ಹಾಗೆ. ಅತ್ತೆ ಬಾಯಿ ಬಿಡುವಂತಿಲ್ಲ, ಪಾತ್ರೆ ಇಳಿಸುವಂತಿಲ್ಲ, ನನ್ನನ್ನು ಎತ್ತಿಕೊಳ್ಳುವಂತಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಾ ಗುಡಿಯವರೆಗೂ ನಡೆದು, ನೈವೇದ್ಯ ಒಪ್ಪಿಸಿ, ವಾಪಸು ಕ್ವಾರ್ಟರ್ಸಿನ ಬೀದಿಯಲ್ಲಿ ಕೂಗುತ್ತಾ ಬಂದಳಂತೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೋ. ಅವತ್ತು ತೆರೆದ ಬಾಯಿ ಇವತ್ತಿನವರೆಗೂ ಮುಚ್ಚಿಲ್ಲ ಎಂದು ಅಪ್ಪ ಕೊನೆಗೆ ಸೇರಿಸುತ್ತಿದ್ದರು.

ಅದು ನಿಜವೇ. ಇಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ಆಡಿ ಮುಗಿಸುವ ಹಾಗೆ ನಾನು ಮಾತಾಡುತ್ತಿದ್ದೆ. ಯಾರ ಮನೆಯಲ್ಲಿ ಏನು ಸಾರು, ಯಾರು ಯಾರಿಗೆ ಏನೆಂದರು, ಎಲ್ಲವನ್ನೂ ತಂದು ಅಡುಗೆಮನೆಯಲ್ಲಿ ಸುರಿಯುತ್ತಿದ್ದೆ. ಅತ್ತೆ ಒಮ್ಮೆಯೂ ಸಾಕು ಎಂದವಳಲ್ಲ. ಪ್ರಸಾದದ ಹುಗ್ಗಿ ವಾಪಸು ಬಂದ ಮೇಲೆ ನಮಗೆಲ್ಲ ಬಡಿಸಿ, ತನ್ನ ಪಾಲಿನದನ್ನು ಬೆರಳಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ನನ್ನ ಬಾಯಿಗೆ ಇಡುತ್ತಿದ್ದಳು.

"ನಿನ್ನ ಬಾಯಿಗೆ ಹೋದ್ರೆ ನನ್ನ ಬಾಯಿಗೆ ಹೋದಂಗೆ."

ಅವಳು ಸಿಹಿ ತಿನ್ನದಿರುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಗಾಜನೂರಿನ ಕಡೆ ಹುಟ್ಟೂರಲ್ಲಿ ಆಲೆಮನೆ ಹೂಡಿದಾಗ, ಬಿಸಿಬೆಲ್ಲವನ್ನು ಕಬ್ಬಿನ ಗರಿಯಲ್ಲಿ ಇಸಿದುಕೊಂಡು ತಿಂದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ ಹುಡುಗಿ ಅವಳು ಎಂದು ಅಪ್ಪ ಹೇಳುತ್ತಿದ್ದರು. ಅದು ಯಾರೋ ಬೇರೆಯವರ ಕಥೆಯ ಹಾಗೆ ಕೇಳುತ್ತಿತ್ತು.

ಪಕ್ಕದ ಮನೆಯಲ್ಲಿ ಸೆಲ್ವಿಯಮ್ಮ ಇದ್ದರು. ಅವರ ಗಂಡನೂ ಕಾರ್ಖಾನೆಯಲ್ಲೇ. ಸಂಕ್ರಾಂತಿಯ ದಿನ ಅಂಗಳದಲ್ಲಿ ಮಡಕೆ ಇಟ್ಟು ಹಾಲು ಉಕ್ಕಿಸಿ ಪೊಂಗಲ್ ಮಾಡಿ, ಮೊದಲ ಪಾಲು ನಮಗೆ ತರುತ್ತಿದ್ದರು. ನಾನು ಎರಡನೆಯ ಕ್ಲಾಸೋ ಮೂರನೆಯದೋ ಇದ್ದ ವರ್ಷ, ತಟ್ಟೆ ಹಿಡಿದು ಬಂದವರು, ಅತ್ತೆ ಎದುರಿಗೇ ಒಂದು ತುತ್ತು ತಿನ್ನಲೇಬೇಕು ಎಂದು ಹಟ ಹಿಡಿದರು. ಪ್ರತಿ ವರ್ಷವೂ ಆಮೇಲೆ ತಿನ್ನುತ್ತೇನೆ ಎನ್ನುವುದನ್ನು ನೋಡಿ ನೋಡಿ ಅವರಿಗೆ ಅನುಮಾನ ಬಂದಿತ್ತು.

"ಇದು ಸಾಮಿ ಪ್ರಸಾದಮಕ್ಕಾ. ನಮ್ಮ ಮನೇದು ಅಂತ ವೇಂಡಾ ಅಂತೀರಾ?"

ಅತ್ತೆಯ ಮುಖ ಬಿಳಿಚಿಕೊಂಡಿತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸೆಲ್ವಿಯಮ್ಮನ ಗಂಡನಿಗೆ ಆ ವರ್ಷವೇ ಶುಗರ್ ಎಂದು ಗೊತ್ತಾಗಿತ್ತು; ಅವರು ಸಿಹಿ ಮುಟ್ಟುವುದಿಲ್ಲ, ಕಾಫಿಗೂ ಸಕ್ಕರೆ ಇಲ್ಲ ಎಂಬ ಸುದ್ದಿಯನ್ನು ನಾನೇ ನಮ್ಮ ಮನೆಗೆ ತಂದಿದ್ದೆ. ಎರಡನ್ನೂ ಸೇರಿಸಿ ನೋಡಲು ನನಗೆ ಒಂದು ಕ್ಷಣ ಸಾಕಾಯಿತು.

"ಅತ್ತೆಗೆ ಶುಗರ್ ಇದೆ. ಅದಕ್ಕೇ ತಿನ್ನಲ್ಲ."

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ಸೆಲ್ವಿಯಮ್ಮನ ಕಡೆ ತಿರುಗಿ ಹೌದು ಕಣಮ್ಮ ಎಂದಳು. ಸೆಲ್ವಿಯಮ್ಮ ತಟ್ಟೆ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು. ಆವತ್ತು ರಾತ್ರಿ ನಮ್ಮ ಮನೆಯಲ್ಲಿ ಅಮ್ಮ ಜಗಳ ತೆಗೆದಳು. ಕಾಯಿಲೆ ಮುಚ್ಚಿಟ್ಟು ನನ್ನ ಹೆಸರು ಕೆಡಿಸಬೇಕೆಂದಿದ್ದೀರಾ, ಅತ್ತಿಗೆಗೆ ಸರಿಯಾಗಿ ಹಾಕಲಿಲ್ಲ ಅಂತ ಜನ ಆಡಿಕೊಳ್ಳುವುದಿಲ್ಲವಾ ಎಂದು ಅತ್ತಳು. ಮಾರನೆಯ ದಿನದಿಂದ ಅದೇ ಅಮ್ಮ ಪಥ್ಯಕ್ಕೆ ನಿಂತಳು. ಮೂರು ಹೊತ್ತು ಅನ್ನ ಉಣ್ಣುತ್ತಿದ್ದ ಅತ್ತೆಗೆ ಒಂದು ಹಿಡಿ ಅನ್ನ, ಮಿಕ್ಕಿದ್ದು ಮುದ್ದೆ. ಬೆಳಿಗ್ಗೆ ಮೆಂತ್ಯದ ನೀರು. ಹಿತ್ತಲಲ್ಲಿ ಗೊನೆ ಹಣ್ಣಾದರೆ ಅವಳ ಕೈಗೆ ಸಿಗದ ಹಾಗೆ ಮುಂದಿನ ಕೋಣೆಯಲ್ಲಿ ತೂಗು ಹಾಕುವುದು. ಇದಕ್ಕೆಲ್ಲ ಕಾವಲು ನಾನು. ಕಾಯಿಲೆಯನ್ನು ಕಂಡುಹಿಡಿದವಳೆಂದು ನನಗೆ ಬಹಳ ಜಂಬ ಇತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೂತು, ನಮಗೆ ಬೆನ್ನು ಹಾಕಿ, ಮಾವಿನ ಹಣ್ಣು ತಿನ್ನುತ್ತಿದ್ದಳು. ರಸ ಮೊಣಕೈಗೆ ಇಳಿದಿತ್ತು. ನಾನು ಓಡಿಹೋಗಿ ಕೈಯಿಂದ ಕಿತ್ತುಕೊಂಡೆ. ಅಮ್ಮಾ, ಅತ್ತೆ ಕದ್ದು ಹಣ್ಣು ತಿಂತಿದ್ದಾಳೆ ಎಂದು ಇಡೀ ಸಾಲುಮನೆಗಳಿಗೆ ಕೇಳುವ ಹಾಗೆ ಕೂಗಿದೆ. ಅವಳು ತಂಬಿಗೆಯ ನೀರಲ್ಲಿ ಕೈ ತೊಳೆದುಕೊಂಡಳು, ಬೆರಳು, ಅಂಗೈ, ಮೊಣಕೈ, ನಿಧಾನವಾಗಿ. ಅಮ್ಮ ನನ್ನ ತಲೆ ಸವರಿ ಜಾಣೆ ಎಂದಳು. ಆಮೇಲೆ ಅತ್ತೆ ಹಣ್ಣನ್ನು ಮುಟ್ಟಿದ್ದನ್ನು ನಾನು ನೋಡಲಿಲ್ಲ. ನನ್ನ ಮದುವೆಯ ಊಟದಲ್ಲಿ ಬಡಿಸುವವನು ಅವಳ ಎಲೆಗೆ ಹೋಳಿಗೆ ಹಾಕಿದಾಗಲೂ, ಧಾರೆ ಸೀರೆಯಲ್ಲಿದ್ದ ನಾನು ಎದುರು ಪಂಕ್ತಿಯಿಂದಲೇ ಕೂಗಿ ಎತ್ತಿಸಿದೆ. ಮದುಮಗಳ ಬಾಯಿ ನೋಡು ಎಂದು ಬೀಗರು ನಕ್ಕರು. ಅತ್ತೆಯೂ ನಕ್ಕಳು.

ನಾಗುವಿನ ಫೋನು ಇಟ್ಟ ಮೇಲೆ ಇಷ್ಟೂ ಒಂದರ ಹಿಂದೆ ಒಂದು ಬಂತು. ಆದರೂ ಒಲೆ ಆರಿಸಲಿಲ್ಲ. ಹುಗ್ಗಿ ಮಾಡಿ ಮುಗಿಸಿದೆ, ತುಪ್ಪ ಸ್ವಲ್ಪ ಹೆಚ್ಚೇ ಬಿತ್ತು. ನಮ್ಮ ಮನೆಯ ದೇವರಿಗೆ ಹೂವು ಏರಿಸಿ, ಹುಗ್ಗಿಯನ್ನು ಮಾತ್ರ ಸ್ಟೀಲ್ ಡಬ್ಬಿಗೆ ತುಂಬಿದೆ. ಇವತ್ತು ಇದು ಚಾನಲಮ್ಮನಿಗೇ ಹೋಗಬೇಕು ಎನ್ನಿಸಿತು. ನನ್ನ ಮಾತ್ರೆ ನುಂಗಿ ಹೊರಟೆ. ಹೌದು, ಶುಗರ್ ಇರುವುದು ನನಗೆ. ಬಂದು ಕೆಲವು ವರ್ಷಗಳಾದವು, ಪ್ರಸಾದ ಎಂದರೂ ಬೆರಳ ತುದಿಯಷ್ಟೇ. ಅತ್ತೆಗೆ ಮಾತ್ರ ಹೇಳಿರಲಿಲ್ಲ, ವಯಸ್ಸಾದವಳು ಕೊರಗುತ್ತಾಳೆ ಎಂದು.

ನೈವೇದ್ಯ ಕೈಯಲ್ಲಿದ್ದದ್ದರಿಂದ ಬಸ್ಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಕಂಡಕ್ಟರು ಎಲ್ಲಿಗಮ್ಮಾ ಎಂದರೆ ಆಧಾರ್ ಕಾರ್ಡು ತೋರಿಸಿ, ಕೈಯಲ್ಲೇ ಮುಂದಕ್ಕೆ ಎಂದೆ. ಅವನು ಮತ್ತೆ ಕೇಳಿದ. ನಾನು ಮತ್ತೆ ಕೈ ಮಾಡಿದೆ. ಅವನ ದನಿ ಮೆತ್ತಗಾಯಿತು.

"ಮಾತು ಬರಲ್ವೇನಮ್ಮಾ ನಿಮಗೆ?"

ಒಬ್ಬ ಕಾಲೇಜು ಹುಡುಗಿಯನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದ. ಲಾಸ್ಟ್ ಸ್ಟಾಪಲ್ಲಿ ಇಳಿಸ್ತೀನಿ ಎಂದು ಕೈಸನ್ನೆ ಮಾಡಿ ಹೇಳಿದ, ನನಗೆ ಕಿವಿಯೂ ಕೇಳಿಸದೇನೋ ಎಂಬಂತೆ. ಮಲವಗೊಪ್ಪ ದಾಟುವವರೆಗೂ ನಾನು ಕಿಟಕಿಯಾಚೆಗೇ ಮುಖ ಮಾಡಿದ್ದೆ. ಮಾತು ಬರದ ಹೆಂಗಸಾಗಿದ್ದರೆ ಹೀಗೆ ಇರುತ್ತಿದ್ದೆ. ಜನ ಕರುಣೆಯಿಂದ ಸೀಟು ಬಿಟ್ಟುಕೊಡುತ್ತಿದ್ದರು, ಅಷ್ಟೇ.

ಚಾನಲಮ್ಮನ ಗುಡಿಗೆ ಈಗ ಟೈಲ್ಸು ಹಾಕಿದ್ದಾರೆ. ನೈವೇದ್ಯ ತೋರಿಸಿದ ಪೂಜಾರಿ ಡಬ್ಬಿಯ ಮೇಲೆ ಒಂದು ಪುಟ್ಟಬಾಳೆ ಹಣ್ಣು, ಎರಡು ಎಸಳು ಹೂವು ಇಟ್ಟುಕೊಟ್ಟ. ಅಲ್ಲಿಂದ ನಾಗುವಿನ ಮನೆ ಹತ್ತಿರ. ಅತ್ತೆ ಕಿಟಕಿಯ ಪಕ್ಕದ ಮಂಚದ ಮೇಲೆ, ಹೊದಿಕೆಯೊಳಗೆ ಇದ್ದಾಳೋ ಇಲ್ಲವೋ ಎಂಬಷ್ಟು ಸಣ್ಣಗಾಗಿ ಮಲಗಿದ್ದಳು. ಡಬ್ಬಿ ನೋಡಿಯೇ ಅವಳಿಗೆ ಗೊತ್ತಾಯಿತು.

"ಶಿವಮೊಗ್ಗದಿಂದ ಇಲ್ಲೀ ತನಕ ಮಾತಾಡದೆ ಬಂದ್ಯಾ? ಹೊಟ್ಟೆ ಉಬ್ಬಲಿಲ್ವಾ ಮಾರಾಯ್ತಿ?"

ನಾನು ಅವಳ ಪಕ್ಕ ಕೂತೆ. ನಿನಗೆ ಶುಗರ್ ಇಲ್ಲವಂತೆ ಎಂದೆ. ನಂಗೊತ್ತಿತ್ತು ಬಿಡು ಎಂದಳು. ಹಾಗಾದರೆ ಯಾಕೆ ಇಷ್ಟು ವರ್ಷ ಸುಮ್ಮನಿದ್ದೆ ಎಂದು ಕೇಳುವಾಗ ನನ್ನ ದನಿ ಏರಿತ್ತು. ಅತ್ತೆ ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ.

"ಹರಕೆ ಕಣೆ. ಇನ್ನೊಬ್ರಿಗೆ ಹೇಳಂಗಿಲ್ಲ, ಹೇಳಿದ್ರೆ ಫಲ ಹೋಗುತ್ತೆ. ನೀನು ಇನ್ನೊಬ್ಳಲ್ಲ, ಆದ್ರೆ ನಿನ್ನ ಬಾಯಲ್ಲಿ ಗುಟ್ಟು ನಿಲ್ತಿರ್ಲಿಲ್ಲ. ಸುಮ್ನೆ ಬೇಡ ಅಂದ್ರೆ ಸೆಲ್ವಿಯಮ್ಮನ ಥರ ಜನ ನೊಂದ್ಕೋತಾರೆ. ಏನು ಮಾಡ್ಲಪ್ಪಾ ಅಂತಿರುವಾಗ ನೀನೇ ದಾರಿ ತೋರ್ಸಿದೆ. ನಾನು ಹೂಂ ಅಂದೆ."

"ಯಾರಿಗೋಸ್ಕರ ಹರಕೆ?"

"ನಿಂಗೋಸ್ಕರ. ನೀನು ಬಿಸಿ ಅಂದ್ಯಲ್ಲ, ಅದರ ಹಿಂದಿನ ಶುಕ್ರವಾರ ಹೇಳ್ಕೊಂಡಿದ್ದೆ. ಈ ನಾಲಿಗೆಗೆ ಸಿಹಿ ಬೇಡ ತಾಯಿ, ಆ ನಾಲಿಗೆಗೆ ಮಾತು ಕೊಡು ಅಂತ. ಒಂದೇ ವಾರಕ್ಕೆ ಕೊಟ್ಲು."

ಇಷ್ಟು ಹೇಳಿ ಅವಳು ಸುಸ್ತಾಗಿ ಕಣ್ಣು ಮುಚ್ಚಿದಳು. ನಾನು ಮನಸ್ಸಿನಲ್ಲಿ ಆ ಮಾವಿನ ಹಣ್ಣನ್ನೇ ನೋಡುತ್ತಿದ್ದೆ, ಮೊಣಕೈಗೆ ಇಳಿದಿದ್ದ ರಸವನ್ನು. ಹರಕೆಯಲ್ಲಿ ಹಣ್ಣನ್ನೂ ಬಿಟ್ಟಿದ್ದೆಯಾ, ಅನ್ನವನ್ನೂ ಬಿಟ್ಟಿದ್ದೆಯಾ ಎಂದು ಕೇಳಿದೆ. ಕೇಳಬಾರದಿತ್ತು.

"ಇಲ್ವೇ. ಬೆಲ್ಲ, ಸಕ್ಕರೆ ಅಷ್ಟೇ. ಹಣ್ಣು ಬಿಡ್ಸಿದ್ದು ನೀನು."

ನಗುತ್ತಾ ಹೇಳಿದಳು, ಮಗುವಿನ ತುಂಟತನ ನೆನೆಸಿಕೊಳ್ಳುವ ಹಾಗೆ. ಅವಳು ದೇವರಿಗೆ ಕೊಟ್ಟದ್ದು ಒಂದು ರುಚಿ. ದೇವಿ ಅಷ್ಟಕ್ಕೇ ಒಪ್ಪಿಕೊಂಡಿದ್ದಳು. ಮಿಕ್ಕಿದ್ದನ್ನೆಲ್ಲ, ಬಾಳೆ, ಹಲಸು, ಮಾವು, ತಟ್ಟೆ ತುಂಬ ಬಿಸಿ ಅನ್ನ, ಇದನ್ನೆಲ್ಲ ಕಿತ್ತುಕೊಂಡದ್ದು ದೇವರು ಕೊಟ್ಟ ನಾಲಿಗೆ. ಈಗ ಈ ಹೊದಿಕೆಯೊಳಗೆ ಉಳಿದಿರುವುದು ಹಿಡಿಯಷ್ಟು ಮೂಳೆ.

ಡಬ್ಬಿಯ ಮುಚ್ಚಳ ತೆಗೆದೆ. ಹುಗ್ಗಿ ಇನ್ನೂ ಬೆಚ್ಚಗಿತ್ತು. ಇನ್ನು ಸಾಕು, ಇಷ್ಟು ವರ್ಷ ನಡೆಸಿದ್ದೀಯ, ಚಾನಲಮ್ಮ ಏನೂ ಅಂದುಕೊಳ್ಳುವುದಿಲ್ಲ, ಡಾಕ್ಟರು ಹೇಳಿದ್ದಾರೆ, ಒಂದು ತುತ್ತು ಎಂದು ಬೇಡಿಕೊಂಡೆ. ನನ್ನ ಮಾತು ಹೋದರೆ ಹೋಗಲಿ, ನಮ್ಮ ಮನೆಯವರಿಗೆ ಸ್ವಲ್ಪ ನೆಮ್ಮದಿ ಸಿಗುತ್ತದೆ ಎಂದೂ ಹೇಳಿ ನೋಡಿದೆ. ಅವಳು ತಲೆಯಾಡಿಸಿದಳು.

"ಕೊಟ್ಟಿದ್ದನ್ನ ಅವಳು ವಾಪಸ್ ಕೇಳಲಿಲ್ಲ. ನಾನು ಕೇಳ್ಲಾ?"

ಆಮೇಲೆ ತಾನೇ ಕೈ ಚಾಚಿ, ಬೆರಳಲ್ಲಿ ಹುಗ್ಗಿ ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಬಾಯಿಗೆ ಇಟ್ಟಳು. ಬೆರಳು ಒಣಕಡ್ಡಿಯ ಹಾಗಿತ್ತು. ನಾಗುವಿನ ಹೆಂಡತಿ ಗೀತಾ ಅದೇ ಹೊತ್ತಿಗೆ ನೀರು ತಂದವಳು ಬಾಗಿಲಲ್ಲಿ ನಿಂತಳು. ನನ್ನ ಮಾತ್ರೆಯ ವಿಷಯ ಅವಳಿಗೆ ಗೊತ್ತು, ಅಕ್ಕಾ ಎಂದು ಬಾಯಿ ತೆರೆದಳು. ನಾನು ಕಣ್ಣಲ್ಲೇ ಬೇಡ ಎಂದೆ. ಅತ್ತೆ ಇನ್ನೊಂದು ತುತ್ತು ಇಟ್ಟಳು, ಮತ್ತೊಂದು. ಅವಳ ಕೈ ಸೋಲುವವರೆಗೂ ತಿಂದೆ. ತುಪ್ಪ ಜಾಸ್ತಿ ಆಯಿತಾ ಎಂದು ಕೇಳಿದಳು. ಹೂಂ ಎಂದೆ. ನನಗೆ ಹೇಳುವುದು ಇನ್ನೂ ಒಂದು ಇತ್ತು. ಹೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲವೇನೋ, ಬಾಯಿಗೆ ಬಂದ ಮಾತನ್ನು ಹುಗ್ಗಿಯ ಜೊತೆ ನುಂಗಿದೆ.

ಪೂಜಾರಿ ಕೊಟ್ಟ ಬಾಳೆಹಣ್ಣು ಮಡಿಲಲ್ಲಿತ್ತು. ಇದು ಹರಕೆಯಲ್ಲಿ ಇಲ್ಲವಲ್ಲ ಎಂದು ಸುಲಿದು ಅವಳ ಕೈಗೆ ಕೊಟ್ಟೆ. ಅತ್ತೆ ಅದನ್ನು ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು, ಕಿತ್ತುಕೊಳ್ಳುತ್ತೇನೇನೋ ಎಂಬಂತೆ. ಆ ನೋಟವನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ. ಆಮೇಲೆ ಒಂದು ತುದಿಯನ್ನು ಬಾಯಲ್ಲಿಟ್ಟು, ಹಲ್ಲಿಲ್ಲದ ವಸಡಿನಲ್ಲಿ ಒತ್ತಿ ಒತ್ತಿ, ಪೂರ್ತಿ ಹಣ್ಣು ತಿಂದಳು. ನಮ್ಮ ಹಿತ್ತಲದ್ದೇ ರುಚಿ ಎಂದಳು. ಮಧ್ಯಾಹ್ನ ಗೀತಾ ಮಾಡಿದ ತಿಳಿಸಾರಿನಲ್ಲಿ ಮೆತ್ತಗೆ ಕಲಸಿದ ಅನ್ನವನ್ನು ನನ್ನ ಕೈಯಿಂದ ನಾಲ್ಕು ತುತ್ತು ಉಂಡಳು. ಚಾನಲಮ್ಮ ಇಷ್ಟಾದರೂ ನಡೆಸಿಕೊಟ್ಟಳು. ಬೇಸಿಗೆಯವರೆಗೆ ಅತ್ತೆಯನ್ನು ಉಳಿಸಿಕೊಟ್ಟರೆ ಮಾವು ಬರುತ್ತದೆ. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆಲ್ಕೊಳಕ್ಕೆ ವಾಪಸು ಬಂದೆ. ಬೆಲ್ಲ ಸೋಸಿದ ಬಟ್ಟೆ ಬಚ್ಚಲ ಕಟ್ಟೆಯ ಮೇಲೆ ಎಸೆದಲ್ಲೇ ಇತ್ತು, ಒಣಗಿ ರಟ್ಟಿನಂತಾಗಿತ್ತು. ಅದರ ತುಂಬ ಇರುವೆ. ನೀರು ಹೊಯ್ಯಲು ತಂಬಿಗೆ ಎತ್ತಿದವಳು ಹಾಗೇ ಕೆಳಗಿಟ್ಟೆ. ಬಟ್ಟೆಯನ್ನು ಹಿತ್ತಲಿಗೆ ಒಯ್ದು ಗೋಡೆಯ ಮೇಲೆ ಹರಡಿ, ಅವು ತಿಂದು ಹೋಗಲಿ ಎಂದು ಬಿಟ್ಟೆ. ಒಳಗೆ ಬಂದು ದೇವರ ಮುಂದೆ ದೀಪ ಹಚ್ಚಿ, ರಾತ್ರಿಯ ಮಾತ್ರೆ ನುಂಗಿ, ಮುದ್ದೆಗೆ ಎಸರಿಟ್ಟೆ.